ಹುಣಿಸೆ ಬೀಜ

ಹಗಲೆಲ್ಲ ಕುದಿನೀರಲ್ಲಿ ಬೆರಳದ್ದಿ
ಗೂಡಿನ ಎಳೆ ಹುಡುಕುವ ನಮ್ಮಮ್ಮ
ರಾತ್ರಿ ಹತ್ತಕ್ಕೆ ದೀಪವಾರಿಸಿ ನೋಡುತ್ತಾಳೆ
ಐಸು ತುಂಬಿದ ಡ್ರಮ್ಮಿಗೆ ಇಳಿಯುವ ಗಂಡಸನ್ನು.
ಅವನು ಹಲ್ಲು ಕಡಿದು ಎಣಿಸುತ್ತಾನೆ,
ನೂರಾದ ಮೇಲೆ ಗೆದ್ದೆ ಅನ್ನುತ್ತಾನೆ.
"ಪಾಪ, ಹೇಳೋರು ಯಾರೂ ಇಲ್ವಾ ಅವನಿಗೆ?"
ಅಂದು, ಮತ್ತೆ ಮೊದಲಿಂದ ಹಾಕು ಅನ್ನುತ್ತಾಳೆ.

ಅವಳ ಹೆಬ್ಬೆರಳು ಪರದೆಗೆ ಗೊತ್ತಾಗುವುದಿಲ್ಲ,
ಗೆರೆಯೆಲ್ಲ ಬೆಂದು ಸವೆದು ನುಣ್ಣಗಾಗಿದೆ.
ರೇಷನ್ ಅಂಗಡಿಯ ಮಿಷನ್ನಿಗೂ ಅಷ್ಟೇ,
ಸೆರಗಿಗೆ ಒರೆಸಿ ಒರೆಸಿ ಒತ್ತಬೇಕು.
ಹಾಗಾಗಿ ಸರಿಸುವವಳು ನಾನು:
ಸೇತುವೆಯಿಂದ ಹಾರುವ ಹುಡುಗಿ,
ಹಾವಿನ ಜೊತೆ ಮಲಗಿದವನು,
ಕಾಲಿಲ್ಲದೆ ಬೆಟ್ಟ ಹತ್ತಿದವನು.
ಅವನಿಗೆ ಮಾತ್ರ ಅಮ್ಮ ಏನೂ ಅನ್ನಲಿಲ್ಲ.
ಸರಿಸು ಅಂತಲೂ ಅನ್ನಲಿಲ್ಲ.

ಮೇಲೂರಿನ ಲೋಹಿತ ಬಂದದ್ದು ಆಷಾಢದಲ್ಲಿ,
ಕೋಲಿಗೆ ಫೋನು ಸಿಕ್ಕಿಸಿಕೊಂಡು.
ಶಿಡ್ಲಘಟ್ಟದ ನಮ್ಮ ಗಲ್ಲಿಯ ಹುಳುವಿನ ನಾತಕ್ಕೆ
ಕರ್ಚೀಫು ಕಟ್ಟಿದ, ಆಮೇಲೆ ನಾಚಿ ಬಿಚ್ಚಿದ.
ಒಳ್ಳೆಯ ಹುಡುಗನೇ.
ಹೆಸರು ಅಕ್ಕಯಮ್ಮ ಅಂತ ಬರೆದುಕೊಂಡ,
ವಯಸ್ಸು ಮಾತ್ರ ಅವನೇ ಐದಾರು ಹೆಚ್ಚಿಸಿಕೊಂಡ.
"ಆಂಟಿ, ನಗಬೇಡಿ."
"ಅವಳು ಬಾಯಿ ಮುಚ್ಚಿದ್ರೆ ಕಣ್ಣಲ್ಲಿ ನಗ್ತಾಳೆ ಕಣಪ್ಪಾ"
ಪಕ್ಕದ ಬೇಸಿನ್ನಿಂದ ದಿಲ್‌ಷಾದ್‌ಬಿ.
"ಬೆರಳು ಇನ್ನೂ ಸ್ವಲ್ಪ ಹೊತ್ತು ನೀರಲ್ಲೇ ಇಡಿ."
ಇಟ್ಟಳು.
ಇಪ್ಪತ್ತೆರಡು ವರ್ಷದಲ್ಲಿ
ಇಡಿ ಅಂತ ಕೇಳಿದವನು ಅವನೊಬ್ಬನೇ.

"ನಿಮಗೆ ಯಾವುದಕ್ಕೆ ಭಯ, ಆಂಟಿ?"
ಕಾಯಿಲೆ ಅನ್ನುತ್ತಾಳೆ, ಮಗಳ ಮದುವೆ ಅನ್ನುತ್ತಾಳೆ
ಅಂತ ಕಾದ. ನಾನೂ ಕಾದೆ.
ಚರಕದ ಸದ್ದಿಗಿಂತ ಮೇಲೆ ದನಿಯೆತ್ತಿ
"ಚಿಟ್ಟೆಗಪ್ಪಾ" ಅಂದಳು ಅಮ್ಮ.
"ಬೇಯಿಸೋದು ತಡವಾದ್ರೆ ಗೂಡು ತೂತು ಮಾಡ್ಕೊಂಡು ಬರುತ್ತಲ್ಲ,
ಬಿಳೀದು, ಮೈಯೆಲ್ಲ ಹಿಟ್ಟು ಹಿಟ್ಟು.
ರೆಕ್ಕೆ ಪಟಪಟ ಅನ್ನುತ್ತೆ, ಹಾರಕ್ಕಾಗಲ್ಲ.
ಅದೇನಾದ್ರೂ ಕೈ ಮೇಲೆ ಹತ್ತಿದ್ರೆ
ನನ್ನ ಪ್ರಾಣ ಅಲ್ಲೇ ಹೋಗುತ್ತೆ."
ಇಡೀ ಶೆಡ್ಡು ನಕ್ಕಿತು. ಲೋಹಿತನೂ ನಕ್ಕ.

ವಿಡಿಯೋದಲ್ಲಿ ಅದಿಲ್ಲ.
ಹಬೆ ಇದೆ, ಕೈ ಇದೆ,
ಕೆಂಪಕ್ಷರದಲ್ಲಿ ಕುದಿಯುವ ಬದುಕು ಕುಗ್ಗದ ತಾಯಿ ಅಂತಿದೆ,
ಚರಕದ ಸದ್ದು ತೆಗೆದು ಪಿಟೀಲು ಹಾಕಿದ್ದಾನೆ.
ಮೂರು ಲಕ್ಷ ಜನ ನೋಡಿದರಂತೆ.
ದುಬೈಯಿಂದ ಯಾರೋ ರಬ್ಬರ್ ಗ್ಲೌಸು ಕಳಿಸಿದರು.
ಗ್ಲೌಸು ಹಾಕಿದರೆ ಎಳೆ ಕೈಗೆ ಸಿಕ್ಕುವುದಿಲ್ಲ,
ಎಳೆ ಎಷ್ಟು ಸಣ್ಣದೆಂದು ದುಬೈಗೇನು ಗೊತ್ತು.
ಈಗ ಅದನ್ನು ತೊಟ್ಟು ಹಸಿಮೆಣಸಿನಕಾಯಿ ಹೆಚ್ಚುತ್ತಾಳೆ.

ತನ್ನನ್ನೇ ನೋಡಿದ ರಾತ್ರಿ ಕೇಳಿದಳು:
"ನಾನ್ಯಾಕೆ ಅಳೋ ಹಂಗಿದೀನಿ?"
"ಪಿಟೀಲಮ್ಮ ಅದು."
"ಓ" ಅಂದು ಐಸಿನವನನ್ನು ಹಾಕಿಸಿದಳು.

ಮೊನ್ನೆ ಊಟದ ಚೀಲದಲ್ಲಿ
ಒಂದು ಹಸಿಗೂಡು ಹೇಗೋ ಮನೆಗೆ ಬಂದು
ಕಿಟಕಿಯ ಮೂಲೆಯಲ್ಲಿ ಮರೆತು ಉಳಿದಿತ್ತು.
ಸಂಜೆ ಅಮ್ಮ ಕಿರುಚಿದ್ದಕ್ಕೆ
ಎದುರು ಮನೆಯವರು ಕೋಲು ಹಿಡಿದು ಬಂದರು.
ಒಲೆಕಟ್ಟೆ ಮೇಲೆ ಅದು,
ಹಿಟ್ಟಿನ ಮೈ, ಒದ್ದೆ ರೆಕ್ಕೆ,
ಎತ್ತ ಹೋಗಬೇಕೆಂದು ತಿಳಿಯದೆ ಸುತ್ತುತ್ತಿತ್ತು.
ಕಣ್ಣು ಮುಚ್ಚಿಕೊಂಡೇ ಸ್ಟೀಲ್ ಲೋಟ ಕವುಚಿದಳು.
ಹೊರಗೆ ಬಿಸಾಕಲಾ ಅಂದೆ.
"ಬೆಳಿಗ್ಗೆ ನೋಡಣ."

ನಡುರಾತ್ರಿ ನೀರಿಗೆಂದು ಎದ್ದೆ.
ಲೋಟದ ಅಂಚು ಒಂದು ಕಡೆ ಎದ್ದಿತ್ತು,
ಅಡಿಯಲ್ಲಿ ಒಂದು ಹುಣಿಸೆ ಬೀಜ.
ಗಾಳಿ ಹೋಗುವಷ್ಟು ಸಂದು,
ಚಿಟ್ಟೆ ಬರುವಷ್ಟಲ್ಲ.
ಒಳಗೆ ಪಟಪಟ.
ಅಮ್ಮ ಗೋಡೆಗೆ ಮುಖ ಮಾಡಿ
ಕಿವಿ ಮುಚ್ಚುವ ಹಾಗೆ ಹೊದ್ದು ಮಲಗಿದ್ದಳು.