ಬಿಲ್ಲಿಗಿಂತ ಮೊದಲು ಜೋಳ

ಬಿಲ್ಲು ತಂದ ದಿನ ಬಾಬುಶಾ ಕಾಳೆ ಅದನ್ನು ಮುಟ್ಟಲಿಲ್ಲ.
ಗೋಡೆಗೆ ಆನಿಸಿಟ್ಟು ಬಾ, ಅಂದ.
ಹದಿನೈದು ಕಿಲೋ ಬಿಳಿಜೋಳ ಚೀಲಕ್ಕೆ ಸುರಿದು
ನನ್ನ ಬೆನ್ನಿಗೆ ಬಿಗಿದು
ಪರ್ವತಿ ಗುಡ್ಡದ ಮೆಟ್ಟಿಲು ತೋರಿಸಿದ.
ಏರೋದಲ್ಲ, ಇಳಿಯೋದು ಕಲಿ.
ಹೊತ್ತು ತರಲು ಬಾರದವರು
ಕೊಲ್ಲುವ ಮಾತು ಆಡಬಾರದು.

ಕೊಲ್ಲೋದೆಲ್ಲಿ ಬಂತು ಕಾಕಾ, ಕಾಯಿದೆ ಇದೆಯಲ್ಲ?
ಅದನ್ನ ನನಗೆ ಹೇಳ್ತೀಯಾ, ಅಂತ ನಕ್ಕ.
ಹಡಪ್ಸರದಲ್ಲಿ ಯಾರ ಕೊರಳ ಸರ ಹೋದರೂ
ಜೀಪು ಮೊದಲು ಬರೋದು ಪಾರಧಿ ಗುಡಿಸಲಿಗೆ.
ಅವರಪ್ಪ ಉರುಲು ಹೆಣೆಯುತ್ತಿದ್ದ.
ಇವನು ಈಗ ಅರಣ್ಯ ಖಾತೆಗೆ
ದಿನಗೂಲಿಯ ಮೇಲೆ ಗೊರಸಿನ ಗುರುತು ಎಣಿಸುತ್ತಾನೆ.

ನಾನು ಕಂಡಕ್ಟರು. ಸ್ವಾರಗೇಟು, ಕಾತ್ರಜ, ಮತ್ತೆ ಸ್ವಾರಗೇಟು,
ಹದಿನಾಲ್ಕು ವರ್ಷ.
ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತ ಕಾಲು.
ಅವನು ಮೆಚ್ಚಿದ್ದು ಅದೊಂದನ್ನೇ.
ಉಳಿದದ್ದೆಲ್ಲ ಗದ್ದಲವಂತೆ:
ಬಳೆ, ಕೀಲಿಗೊಂಚಲು, ಎಣ್ಣೆ ಹಚ್ಚಿದ ಜಡೆ, ಉಸಿರು.

ಮಳೆಗಾಲ ಮುಗಿಯುವ ತನಕ ತಾರಸಿಯ ಮೇಲೆ
ಸುರುಳಿ ಸುತ್ತಿದ ಹಳೆ ಗಾದಿಗೆ ಹೊಡೆದೆ.
ಒಂದು ಬಾಣ ಹೋಗಿ ನೀರಿನ ಟಾಕಿಗೆ ನೆಟ್ಟಿತು.
ಪೇಂಡಸೆ ಆಜಿ ತೂತಿಗೆ ಮೇಣ ಮೆತ್ತಿ
ಬಾಣ ಹಿಂದಿರುಗಿಸುತ್ತ ಕೇಳಿದರು,
ನಲವತ್ತಾದ ಮೇಲೆ ಯಾರ ಮೇಲಮ್ಮಾ ಸಿಟ್ಟು?
ಬಿಡಿಸಿ ಹೇಳುವಷ್ಟು ಮರಾಠಿ ನನಗೆ ಆ ಹೊತ್ತಿಗೆ ಬರಲಿಲ್ಲ.
ಕನ್ನಡವೂ.

ನವೆಂಬರು. ತಾಮ್ಹಿಣಿ ಘಾಟಿನ ತಿರುವಿನಲ್ಲಿ ಬಸ್ಸು ಇಳಿದೆವು.
ಮೂರು ದಿನದಿಂದ ಸಾಬೂನಿಲ್ಲ, ಹೂವಿಲ್ಲ, ಚಹಾ ಇಲ್ಲ.
ಬಾಣಗಳು ಅವನ ಗುಡಿಸಲಲ್ಲೇ.
ಕೈಯಲ್ಲಿ ಬರೀ ಬಿಲ್ಲು, ಬೆನ್ನಮೇಲೆ ಅದೇ ಜೋಳ.
ಕರಾರು ಇಷ್ಟು: ಕಡವೆಗೆ ಮೂವತ್ತು ಹೆಜ್ಜೆ ಹತ್ತಿರ ಹೋಗು,
ಎಳೆ, ಹತ್ತು ಎಣಿಸು.
ಬಾಣವಿಲ್ಲದ ನಾಣು ಬಿಟ್ಟರೆ ಬಿಲ್ಲೇ ಸೀಳುತ್ತದೆ,
ಎಳೆದಷ್ಟೇ ಮೆಲ್ಲಗೆ ಮರಳಿ ಕೊಡು.

ಗಾಳಿ ನೋಡಲು ಅವನ ಬಳಿ ಒಲೆಯ ಬೂದಿ,
ನನ್ನ ಬಳಿ ಅವ್ವ ಕೊಟ್ಟ ವಿಭೂತಿ ಗಟ್ಟಿ.
ಉಗುರಲ್ಲಿ ಕೆರೆದು ಬಿಟ್ಟೆ.
ಹಣೆಗೆ ಏರಬೇಕಾದದ್ದು ಕಣಿವೆಗೆ ಇಳಿಯಿತು.
ಸೂರ್ಯ ಬರೋ ತನಕ ಗಾಳಿ ಕೆಳಗೆ ಹರಿಯುತ್ತೆ, ಅಂದ,
ಆಮೇಲೆ ನಮ್ಮನ್ನು ಹಿಡಿದುಕೊಡುತ್ತೆ.

ಮೊದಲ ಮುಂಜಾವು ಏನಿಲ್ಲ.
ಎರಡನೆಯದು ನನ್ನ ಕೆಮ್ಮಿಗೆ ಹೋಯಿತು.

ಮೂರನೆಯ ದಿನ ಕಾರವಿಯ ಕಡ್ಡಿಗಳ ನಡುವೆ
ಬಾಬುಶಾ ಕೂತ. ಕೈ ಮಾತ್ರ ಮುಂದೆ ಹೋಗೆಂದಿತು.
ಉಚ್ಚೆ ಕಲಸಿದ ಕೆಸರಿನ ನಾತ.
ಕೊಂಬಿಗೆ ಹುಲ್ಲು ಸಿಕ್ಕಿಸಿಕೊಂಡು
ಹೊಂಡದಲ್ಲಿ ಹೊರಳಿ ಎದ್ದ ಗಂಡು ಕಡವೆ,
ಹೊಟ್ಟೆಯಿಂದ ಹನಿ ಹನಿ ಕೆಸರು.
ಮೂವತ್ತೋ ಮೂವತ್ತೆರಡೋ.
ಒಂದು ಇರುವೆ ಕಿವಿಯೊಳಗಿನ ದಾರಿ ಹುಡುಕುತ್ತಿತ್ತು.

ಎಳೆದೆ.
ಆರರವರೆಗೆ ತೋಳು ನನ್ನದೇ ಇತ್ತು.
ಏಳಕ್ಕೆ ನಡುಕ.
ಅದು ಕಿವಿ ತಿರುಗಿಸಿತು, ಕಣ್ಣನ್ನಲ್ಲ.
ಹತ್ತು.
ಮರಳಿ ಕೊಡುವುದು ಎಳೆದದ್ದಕ್ಕಿಂತ ಭಾರ,
ಇದನ್ನು ಯಾಕೆ ಯಾರೂ ಹೇಳುವುದಿಲ್ಲ?
ನಾಣು ಅರ್ಧ ಬಂದಿತ್ತು,
ಹಿಂದೆ ಕತ್ತಿಗೆ ಬೆಚ್ಚಗೆ ಗಾಳಿ ತಾಕಿತು.
ಬಿಸಿಲು.

ಢಾಂಕ್!
ಒಂದು ಕಾಲು ನೆಲಕ್ಕೆ ಬಡಿಯಿತು,
ಆಮೇಲೆ ಕಾರವಿ ತಾನೇ ಮುಚ್ಚಿಕೊಂಡಿತು.
ಹೊಂಡದಂಚಿನ ಗೊರಸಿನ ಗುಳಿಗೆ ನೀರು ಒಸರುತ್ತಿತ್ತು.
ಬಾಬುಶಾ ಬಂದು ನೋಡಿ ಅಂದ:
ಹಂ. ಈಗ ಹೊತ್ತು ಇಳಿ.
ಕಡವೆಯ ತೊಡೆ ಇದಕ್ಕಿಂತ ಭಾರ.

ಇಳಿದೆ. ಮೊಣಕಾಲು ನಡುನಡುವೆ
ಬೇರೆ ಯಾರದೋ ಅನಿಸುತ್ತಿತ್ತು.

ಮರುದಿನ ಮೊದಲ ಪಾಳಿ ಮುಗಿಸಿ
ಅದೇ ಚೀಲ ಗಿರಣಿಗೆ ಒಯ್ದೆ. ತೂಗಿದ.
ಹದಿನೈದಿಲ್ಲ ಬಾಯಿ, ಹದಿನಾಲ್ಕಕ್ಕೂ ಸ್ವಲ್ಪ ಕಡಿಮೆ.
ಎತ್ತಿ ನೋಡಿದರೆ ಮೂಲೆಯಲ್ಲಿ
ಕಿರುಬೆರಳು ತೂರುವಷ್ಟು ತೂತು.
ಯಾವ ತಿರುವಿನಿಂದ ಸುರಿಯುತ್ತ ಬಂದಿತ್ತೋ.
ಬೀಸು, ಅಂದೆ. ನುಣ್ಣಗೆ ಬೇಡ.