ಕೆಂಪು ಬಳಿದ ಮೂರು ನಿಮಿಷ

ವಿಯಾರ್ಡ್ ಹಾರ್ಮ್ಸನ ಅಡುಗೆಮನೆಯ ಗಡಿಯಾರಕ್ಕೆ
ಎರಡು ಕಡೆ ಕೆಂಪು ಬಳಿದಿದೆ:
ಹದಿನೈದರಿಂದ ಹದಿನೆಂಟು,
ನಲವತ್ತೈದರಿಂದ ನಲವತ್ತೆಂಟು.
ಮುಳ್ಳು ಅಲ್ಲಿ ಕಾಲಿಟ್ಟರೆ
ಯಾರೂ ಮಾತಾಡುವಂತಿಲ್ಲ.
ಹಡಗಿನವರ ಹಳೆಯ ಕಟ್ಟಳೆ ಅದು:
ಗಂಟೆಗೆರಡು ಸಲ ತಂತಿಯಿಲ್ಲದ ತಂತಿಯವರೆಲ್ಲ
ಬೆರಳು ತಡೆದು ಬರೀ ಕಿವಿಯಾಗಿ ಕೂರಬೇಕು.
ಮುಳುಗುವವರ ದನಿ ಸಣ್ಣದು,
ಅದಕ್ಕೆ ಜಾಗ ಬಿಡಬೇಕು.

ದಂಡೆಯ ಆ ನಿಲಯಕ್ಕೆ ಬೀಗ ಬಿದ್ದಾಗ
ಗಡಿಯಾರ ಇವನ ಜೊತೆ ಮನೆಗೆ ಬಂತು.
ಕಟ್ಟಳೆಯೂ.

ಫೆನ್ನಾ ಚಹಾ ಬಸಿಯುತ್ತಾಳೆ.
ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಕುದಿ ಕುದಿ ಚಹಾ;
ಚಿಟಿಲ್ಲೆಂದು ಬಿರಿಯುತ್ತದೆ ಹರಳು.
ಶ್... ಎಂದು ಕೈ ಎತ್ತುತ್ತಾನೆ.
ಈ ಮದುವೆಯಲ್ಲಿ ಒಟ್ಟು ಎಷ್ಟು ವರ್ಷ ಬಾಯಿ ಮುಚ್ಚಿದ್ದೆ
ಎಂದು ಲೆಕ್ಕ ಹಾಕಿ ನಗುತ್ತಾಳೆ, ಸದ್ದಿಲ್ಲದೆ.

ಮೂರು ನಿಮಿಷ ಕಳೆದ ಮೇಲೆ ಮೊಮ್ಮಗ ಕೇಳುತ್ತಾನೆ,
ತಾತಾ, ಎಸ್ಓಎಸ್ ಅಂದರೇನು?
ಏನೂ ಅಲ್ಲ.
ನಮ್ಮ ಆತ್ಮ ಉಳಿಸಿ ಅಂತ ಆಮೇಲೆ ಯಾರೋ ತುರುಕಿದರು,
ಇನ್ಯಾರೋ ಹಡಗು ಉಳಿಸಿ ಅಂದರು.
ಅದು ಅಕ್ಷರವೇ ಅಲ್ಲ ಮಗು.
ಬರ್ಲಿನ್ನಿನಲ್ಲಿ ಮೇಜಿನ ಸುತ್ತ ಕೂತ ಅಧಿಕಾರಿಗಳು
ಗುಡುಗಿನ ನಡುವೆಯೂ ತಪ್ಪಾಗಿ ಕೇಳದ
ಒಂದು ಸದ್ದಿಗೆ ರುಜು ಹಾಕಿದರು, ಅಷ್ಟೆ.
ಮೂರು ಚುಕ್ಕೆ ಮೂರು ಗೆರೆ ಮೂರು ಚುಕ್ಕೆ,
ನಡುವೆ ಉಸಿರಿಗೂ ಬಿಡುವಿಲ್ಲ.
ನೀರು ಕುಡಿಯುತ್ತಿರುವವನು ಕಾಗುಣಿತ ನೋಡುತ್ತಾನೆಯೇ?

ನನ್ನ ಕಿವಿಗೆ ಇದು ಛಂದಸ್ಸಿನ ಪಾಠ:
ಲಘು ಮೂರು, ಗುರು ಮೂರು, ಮತ್ತೆ ಲಘು ಮೂರು.
ನಗಣ, ಮಗಣ, ನಗಣ.
ಅರ್ಥವಿಲ್ಲದ್ದನ್ನು ಹಾಗೇ ಬಿಡಲು ನನಗೂ ಬರದು,
ನಾನೂ ಮಾತು ತುಂಬಿ ನೋಡಿದೆ:
ಇರುಳು, ನಾನಿಲ್ಲೇ ಇರುವೆ.

ಅವನು ಹುಡುಗನಿಗೆ ಹೇಳದ್ದು ಒಂದಿದೆ.
ಐವತ್ತೆಂಟರ ನವೆಂಬರ್, ರಾತ್ರಿ ಎರಡೂ ನಲವತ್ತಾರು.
ಹೆರಿಂಗ್ ಹಿಡಿಯುವ ದೋಣಿಯಿರಬೇಕು.
ಹೆಸರು ಬರಲಿಲ್ಲ, ಜಾಗ ಬರಲಿಲ್ಲ.
ಮೂರು ಚುಕ್ಕೆ ಬಂದವು, ಅವಸರದ ಕೈ.
ಮೂರು ಗೆರೆ ಬಂದವು, ಕೊನೆಯದು ತುಸು ಉದ್ದ,
ಒದ್ದೆ ಬೆರಳು ಜಾರಿದಂತೆ.
ಆಮೇಲೆ ಬರೀ ಕರಕರ.
ದಾಖಲೆ ಪುಸ್ತಕದಲ್ಲಿ ಅಪೂರ್ಣ ಎಂದು ಬರೆದು
ಬೆಳಗಿನ ತನಕ ಪೆನ್ಸಿಲ್ ಕೆಳಗಿಡಲಿಲ್ಲ.

ಈಗ ಮಧ್ಯಾಹ್ನ ಎರಡೂ ನಲವತ್ತೈದು.
ಫೆನ್ನಾ ಖಾಲಿ ಬಟ್ಟಲೊಳಗೆ ಚಮಚ ನಿಲ್ಲಿಸಿದ್ದಾಳೆ,
ಇನ್ನು ಸಾಕು ಎಂಬ ಈ ಸೀಮೆಯ ಸನ್ನೆ.
ಹುಡುಗನೂ ಉಸಿರು ಬಿಗಿಹಿಡಿದಿದ್ದಾನೆ.
ಮುಳ್ಳು ಕೆಂಪಿನೊಳಗೆ ನಡೆಯುತ್ತಿದೆ.
ಮುದುಕ ಕಿವಿಯನ್ನು ಕಿಟಕಿಗೆ ಕೊಟ್ಟಿದ್ದಾನೆ.
ಬಾಕಿ ಇರುವುದು ಮೂರೇ ಚುಕ್ಕೆ.

ಇರುಳು, ನಾನಿಲ್ಲೇ