ಮೂರು ವಾರಕ್ಕೆ ಅರ್ಧ

ಹ್ಯಾಮರ್‌ಫೆಸ್ಟಿನಲ್ಲಿ ಮೇ ತಿಂಗಳ ನಡುವಿನಿಂದ
ಸೂರ್ಯ ಮುಳುಗುವುದಿಲ್ಲ.
ನೀನು ಹುಟ್ಟಿದ್ದು ಆ ತಿಂಗಳ ಮೂರಕ್ಕೆ, ಸಿಗ್ನಿ,
ಇನ್ನೂ ಒಂದಿಷ್ಟು ಇರುಳು ಉಳಿದಿದ್ದಾಗ.

ಅಜ್ಜಿ ಬೋರ್ಗ್‌ಹಿಲ್ ನಿನ್ನನ್ನು ಕಿಟಕಿಗೊಯ್ದು
ಹಳದಿ ಮಗು, ಬಿಸಿಲು ಕುಡಿಯಲಿ ಎಂದಳು.
ಮೀನು ಒಣಹಾಕುವಷ್ಟೇ ನಿಷ್ಠೆಯಿಂದ
ದಿನಕ್ಕೆರಡು ಸಲ ಮಗ್ಗುಲು ಬದಲಿಸಿದಳು.

ನಾಲ್ಕನೇ ವಾರ ಹಣೆಯ ಮೇಲೆ ಒಂದು ಉಂಗುರ.
ಕೆಂಪು ಅಂಚು, ನಡುವೆ ಏನೂ ಇಲ್ಲ,
ಬಿಸಿ ಲೋಟ ಇಟ್ಟು ಎತ್ತಿದ ಮೇಜಿನ ಹಾಗೆ.
ಮಾರನೆಯ ದಿನ ಮೂರು.
ಆಮೇಲೆ ಎರಡೂ ಕಣ್ಣಿನ ಸುತ್ತ
ಯಾರೋ ಕನ್ನಡಕ ಬರೆದ ಹಾಗೆ.

ಹುಳುಕಡ್ಡಿ ಇರಬೇಕು ಎಂದಳು ನರ್ಸು.
ಮನೆಯಲ್ಲಿ ಬೆಕ್ಕಿದೆಯೇ ಎಂದಳು.
ಇದೆ. ಪಕ್ಕದ ಮನೆಗೆ ಕಳಿಸಿದೆವು,
ಮುಲಾಮು ಹಚ್ಚಿದೆವು ಹತ್ತು ದಿನ.
ಉಂಗುರಗಳು ಕೈಕೈ ಹಿಡಿದವು.

ಟ್ರೋಮ್ಸೋದ ಡಾಕ್ಟರು ಮೊದಲು ಮುಖ ನೋಡಲಿಲ್ಲ,
ಎದೆ ಕೇಳಿದರು.
ಅಂಗೈಯಗಲದ ಆ ಎದೆಗೆ ತಂತಿಗಳನ್ನು ಅಂಟಿಸಿ
ಕಾಗದ ಹೊರಬರುವಷ್ಟು ಹೊತ್ತು
ಯಾರೂ ಮಾತಾಡಲಿಲ್ಲ.
ಕೆಲವು ಮಕ್ಕಳಲ್ಲಿ ಇದು ಅಲ್ಲಿಗೂ ಇಳಿಯುತ್ತದೆ,
ನಿಮ್ಮ ಮಗುವಿನಲ್ಲಿ ಚರ್ಮದಲ್ಲೇ ನಿಂತಿದೆ.
ನಿಂತಿದೆ.
ಆ ಒಂದು ಕ್ರಿಯಾಪದಕ್ಕೆ ಒರಗಿಕೊಂಡು
ಸ್ವಲ್ಪ ಹೊತ್ತು ಕೂತೆ.

ಆಮೇಲೆ ನನ್ನ ಕಡೆ ತಿರುಗಿ: ಕಣ್ಣು ಒಣಗುತ್ತದೆಯೇ?
ಬ್ರೆಡ್ಡು ನುಂಗಲು ನೀರು ಬೇಕೇ?
ನಾನು ಹಿಮ ತಳ್ಳುವ ಲಾರಿಯ ಡ್ರೈವರು.
ಹನ್ನೊಂದು ಚಳಿಗಾಲ ಕ್ಯಾಬಿನ್ನಿನ ಹೀಟರನ್ನು ಬೈದಿದ್ದೆ,
ಕಣ್ಣೊಳಗಿನ ಮರಳು ಅದರದ್ದೆಂದು.
ಅಳುವಾಗಲೂ ನೀರು ಸಾಲದ್ದನ್ನು
ಗಟ್ಟಿತನ ಎಂದುಕೊಂಡಿದ್ದೆ.

ರಕ್ತ ಬೇರೆಯೇ ಹೇಳಿತು.
ಕಾಯಲೆಂದು ನನ್ನ ಮೈ ಸಾಕಿದ್ದ ಪಡೆ
ನನ್ನನ್ನೇ ಹಗೆ ಎಂದು ಬರೆದಿಟ್ಟುಕೊಂಡಿತ್ತು.
ಬೇಲಿ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಹಾಗೆ.
ನನ್ನಲ್ಲಿ ಅದು ಅಲ್ಲಿಷ್ಟು ಇಲ್ಲಿಷ್ಟು ಕಡಿದು ಸುಮ್ಮನಿತ್ತು.
ಹೊಕ್ಕುಳ ಬಳ್ಳಿ ಹಿಡಿದು ಆಚೆ ದಾಟಿ
ನಿನ್ನ ಎಳೆ ಹೊಲಕ್ಕೆ ಬಿದ್ದ ಮೇಲೆ
ಬಿಸಿಲು ಕಂಡದ್ದೇ ತಡ, ಮೇಯತೊಡಗಿತು.
ಹಾಲಿಗೂ ಮೊದಲು ನಾನು ನಿನಗೆ ಕುಡಿಸಿದ್ದು ಇದು.

ಔಷಧ? ಎಂದೆ.
ನೆರಳು, ಎಂದರು. ಮತ್ತೆ ಕಾಯುವುದು.
ತಾಯಿಯದ್ದು ಮಗುವಿನಲ್ಲಿ ಮೂರು ವಾರಕ್ಕೆ ಅರ್ಧವಾಗುತ್ತದೆ,
ಅರ್ಧದ ಅರ್ಧ, ಅದರ ಅರ್ಧ,
ಎಂಟು ತಿಂಗಳಿಗೆ ಹುಡುಕಿದರೂ ಸಿಗದು.

ಇರುಳೇ ಇಲ್ಲದ ಊರಿನಲ್ಲಿ ನೆರಳು ಎಲ್ಲಿಂದ ತರಲಿ?
ಬೋರ್ಗ್‌ಹಿಲ್ ಏನೂ ಹೇಳಲಿಲ್ಲ.
ಸತ್ತ ಗಂಡನ ದೋಣಿಯ ಟಾರ್ಪಾಲು ಬಿಚ್ಚಿ ತಂದು
ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು
ಆ ಕಿಟಕಿಗೇ ಮೊದಲು ಹೊಡೆದಳು.
ಕೊನೆಯ ಮೊಳೆ ಮುಗಿದ ಮೇಲೂ
ಬಾಯಿ ತೆರೆಯಲಿಲ್ಲ.
ಅವಳ ಬೆನ್ನಿಗೆ ಹೇಳಿದೆ:
ಬಿಸಿಲು ನಿಮ್ಮದು, ವಿಷ ನನ್ನದು,
ಬನ್ನಿ, ಕಾಫಿ ಆರುತ್ತಿದೆ.

ಊರೆಲ್ಲ ನಡುರಾತ್ರಿಯ ಬೆಳಕಲ್ಲಿ ಮನೆಗೆ ಬಣ್ಣ ಬಳಿಯುತ್ತಿದ್ದಾಗ
ನಾವಿಬ್ಬರೂ ಮೀನೆಣ್ಣೆ ನಾರುವ ಕತ್ತಲಲ್ಲಿ.
ಅಂಗಡಿಯಲ್ಲಿ ಒಬ್ಬಳು ಹೊದಿಕೆ ಸರಿಸಿ ನೋಡಿ
ಕೈ ಹಿಂದಕ್ಕೆಳೆದುಕೊಂಡಳು.
ಅಂಟುವುದಿಲ್ಲ, ಎಂದೆ.
ನನ್ನಿಂದ ಅಂಟಿದ್ದಷ್ಟೇ.

ಕ್ಯಾಲೆಂಡರಿನಲ್ಲಿ ಮೂರು ವಾರಕ್ಕೊಂದು ಗೆರೆ.
ನವೆಂಬರಿನಲ್ಲಿ ಸೂರ್ಯ ಗುಡ್ಡದ ಹಿಂದೆ ಹೋದವನು ಬರಲಿಲ್ಲ.
ಜನ ವಿಟಮಿನ್ ಗುಳಿಗೆ ಕೊಂಡರು, ಮಂಕಾದರು.
ನಾನು ಟಾರ್ಪಾಲು ಕಿತ್ತೆ.
ಲಾರಿಯ ಹಳದಿ ದೀಪ ಗೋಡೆಯ ಮೇಲೆ ಸುತ್ತುವುದನ್ನು
ನೀನು ಕೂತು ನೋಡಿದೆ,
ನೀನು ಮೊದಲ ಸಲ ಕೂತದ್ದು ಅಂದೇ.

ಜನವರಿ ಇಪ್ಪತ್ತೊಂದು.
ಬೇಕರಿಯ ಮುಂದೆ ಸಾಲು, ಸಕ್ಕರೆ ಹೊರಳಿಸಿದ ಸೂರ್ಯನ ಬನ್ನು,
ತರಗತಿ ಬಿಟ್ಟು ಬಂದ ಮಕ್ಕಳ ಕೂಗು.
ಗುಡ್ಡದ ಅಂಚಿಗೆ ಬೆಳಕು ನಾಲ್ಕು ನಿಮಿಷ ಬಂದು ನಿಂತಿತು.
ಬೋರ್ಗ್‌ಹಿಲ್ ನಿನ್ನನ್ನೆತ್ತಿ ನನ್ನ ಮುಖ ನೋಡಿದಳು.
ತಲೆಯಾಡಿಸಿದೆ.
ಟೋಪಿ ಸರಿಸಿದಳು.
ಹುಬ್ಬಿನ ಬಳಿ ಉಗುರಿನಷ್ಟು ಬಿಳಿ ಗುರುತು, ಅಷ್ಟೇ.
ನೀನು ಸೀನಿದೆ.

ನಾನು ಬೇಕರಿಯ ಗೋಡೆಯ ನೆರಳಿನಲ್ಲಿದ್ದೆ.
ನನ್ನದು ಅರ್ಧವಾಗುವುದಿಲ್ಲ.
ಬಾಯಲ್ಲಿ ಬನ್ನಿನ ಒಂದು ತುಂಡು,
ನುಂಗಲು ನೀರಿಗೆ ಕೈ ಚಾಚಿ
ನಿನ್ನನ್ನೇ ನೋಡುತ್ತ.